ನಲವತ್ತೇಳನೇ ಮಿಲಿಮೀಟರಿನ ಮಬ್ಬು

“ಕೈ ತೆಗಿ ಅಲ್ಲಿಂದ! ಆ ಹಿಡಿ ಮುಟ್ಟಿದ್ರೆ ಬೆರಳು ಮುರೀತೀನಿ!”

“ಎರಡು ದಿನ ಆಯ್ತು ಚಿಕ್ಕಮ್ಮ! ಸೋಮವಾರ ಇಳಿಸ್ಬೇಕಿದ್ದ ಬೀಜ ಇನ್ನೂ ಮೇಲೇ ನೇತಾಡ್ತಿದೆ. ಪಾಕ ಕಾದು ಕಾದು ಕೂತಿದೆ. ಇದೇನು ನಿಮ್ಮನೆ ಒಲೆನಾ?”

“ನಮ್ಮನೆ ಒಲೆ ಆಗಿದ್ರೆ ನಿನ್ನನ್ನ ಹೊಸ್ತಿಲು ದಾಟೋಕೇ ಬಿಡ್ತಿರ್ಲಿಲ್ಲ.”

ಬುಧವಾರ ಬೆಳಗಿನ ಆರೂವರೆ. ಅರಗಾತ್ಸ್ ಬೆಟ್ಟದ ನಾಲ್ಕು ತುದಿಗಳಲ್ಲಿ ಒಂದಕ್ಕೆ ಮಾತ್ರ ಬಿಸಿಲು ಬಿದ್ದಿದೆ. ಕಣಿವೆಯ ಅಂಚಿನಲ್ಲಿರುವ ನಮ್ಮ ಊರಿನ ಹರಳು ಕಾರ್ಖಾನೆಯಲ್ಲಿ ಜಗಳ ಶುರುವಾಗಿ ಆಗಲೇ ಅರ್ಧ ಗಂಟೆಯಾಗಿದೆ. ಕುಲುಮೆಗೆ ಬೆನ್ನು ಕೊಟ್ಟು ಎರಡೂ ಕೈ ಅಗಲಿಸಿ ನಿಂತಿರುವ ಗಿಡ್ಡ ಹೆಂಗಸು ಅಜ್ನಿವ್ ಬಬ್ಲೋಯಾನ್. ವಯಸ್ಸು ಅರವತ್ತಮೂರು, ಕೆಲಸ ಲೇಸರ್ ಯಂತ್ರಗಳಿಗೆ ಬೇಕಾದ ಹರಳು ಬೆಳೆಸುವುದು. ಎದುರಿಗೆ ಕಿವಿಯವರೆಗೆ ಕೆಂಪಾಗಿ ನಿಂತಿರುವವರು ವಿಭಾಗದ ಮುಖ್ಯಸ್ಥ ಅರ್ಷಾಕ್. ಹದಿನಾರು ವರ್ಷಗಳ ಹಿಂದೆ ಇದೇ ಕುಲುಮೆಯ ಮುಂದೆ, ಇದೇ ಅಜ್ನಿವ್ ಕೈಯಲ್ಲಿ ಬೈಸಿಕೊಂಡು ಕೆಲಸ ಕಲಿತವರು. ಬಾಗಿಲಿಗೆ ಒರಗಿ ಕಾಫಿ ಹೀರುತ್ತ ಇಬ್ಬರನ್ನೂ ನೋಡುತ್ತಿರುವವರು ರಜ್ಮಿಕ್. ಬೆಳೆದ ಹರಳನ್ನು ಕತ್ತಲೆ ಕೋಣೆಯಲ್ಲಿ ಪರೀಕ್ಷಿಸಿ ಪಾಸು, ಫೇಲು ಬರೆಯುವುದು ಅವರ ಕೆಲಸ.

“ಬಿಡಪ್ಪ ಅರ್ಷಾಕ್,” ಎನ್ನುತ್ತಾರೆ ರಜ್ಮಿಕ್. “ಇಷ್ಟು ವರ್ಷ ಸೋಮವಾರ, ಸೋಮವಾರ ಅಂತ ನಮ್ಮ ತಲೆ ತಿಂದೋಳು ಇವತ್ತು ಬುಧವಾರ ಅಂತಿದಾಳೆ. ಕಣ್ಣು ಮೊದಲೇ ಹೋಗಿತ್ತು, ಈಗ ವಾರವೂ ಮರ್ತಿದಾಳೆ.”

“ನೀನು ಕಾಫಿ ಕುಡಿದು ಲೋಟ ಬೋರಲು ಹಾಕಿ ಗಸಿಯಲ್ಲಿ ಭವಿಷ್ಯ ನೋಡ್ಕೋ ಹೋಗೋ ಮುದುಕ.”

ಅರ್ಷಾಕ್ ನಗುವುದಿಲ್ಲ. “ಇದು ಒಂಬತ್ತನೇದು ಅಂತ ನೆನಪಿದೆಯಾ ಚಿಕ್ಕಮ್ಮ? ಎಂಟು ಹರಳು ಕೆಟ್ಟು ಹೋಗಿದೆ. ಇದೂ ಹೋದ್ರೆ ಕುಲುಮೆ ಆರಿಸ್ತಾರೆ. ನೀವು ಮನೆಗೆ. ಆಮೇಲೆ ಈ ಊರಲ್ಲಿ ಹರಳೇ ಇಲ್ಲ.”

“ನೆನಪಿದೆ.”

“ಮತ್ತೆ ಬುಧವಾರ ಯಾಕೆ? ಏನಾಗ್ತಿದೆ ಅಂತಾದ್ರೂ ಹೇಳಿ.”

“ಏನು ಅಂತ ಗೊತ್ತಿಲ್ಲ ಕಣೋ. ಯಾವಾಗ ಅಂತ ಗೊತ್ತಿದೆ ಅನ್ಸುತ್ತೆ. ಅನ್ಸುತ್ತೆ ಅಷ್ಟೇ.”

ಇದು ಉತ್ತರವೇ ಅಲ್ಲ. ಅರ್ಷಾಕ್ ಕೈಗವಸನ್ನು ನೆಲಕ್ಕೆ ಎಸೆದು ಹೊರಗೆ ಹೋಗುತ್ತಾರೆ. ಅಜ್ನಿವ್ ಅದನ್ನು ಎತ್ತಿ, ಧೂಳು ಕೊಡವಿ, ಮೊಳೆಗೆ ಸಿಕ್ಕಿಸಿ, ಕಪ್ಪು ಗಾಜಿನ ಕಿಂಡಿಗೆ ಕಣ್ಣಿಡುತ್ತಾರೆ.

ಕಿಂಡಿಯ ಒಳಗೆ ಇರಿಡಿಯಂ ಲೋಹದ ಮೂಸೆ, ಬೋಗುಣಿಯಷ್ಟು ದೊಡ್ಡದು. ರಾಜಧಾನಿ ಯೆರೆವಾನಿನಲ್ಲಿ ಮೂರು ಕೋಣೆಯ ಮನೆ ಕೊಂಡರೂ ಈ ಬೋಗುಣಿಗಿಂತ ಅಗ್ಗ. ಅದರಲ್ಲಿ ಸಾವಿರದ ಒಂಬೈನೂರ ಎಪ್ಪತ್ತು ಡಿಗ್ರಿಯಲ್ಲಿ ಕರಗಿದ ಪಾಕ. ಪಾಕದ ಮೇಲೆ ಕಪ್ಪು ಗೆರೆಗಳು ಅಂಚಿನಿಂದ ನಡುವಿಗೆ ಹರಿಯುತ್ತಿರುತ್ತವೆ. ಇವರು ಅದನ್ನು ಜೇಡ ಎನ್ನುತ್ತಾರೆ. ಜೇಡ ಓಡಾಡುತ್ತಿದ್ದರೆ ಕಾಯಬೇಕು. ನಡುವೆ ಬಂದು ಕಾಲು ಚಾಚಿ ಕೂತಾಗ, ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಇರುವ ಬೀಜದ ಹರಳನ್ನು ಇಳಿಸಿ ಪಾಕಕ್ಕೆ ಮುಟ್ಟಿಸಬೇಕು. ಪಾಕ ಬಿಸಿ ಹೆಚ್ಚಾಗಿದ್ದರೆ ಬೀಜವೇ ಕರಗಿಹೋಗುತ್ತದೆ, ಕಡಿಮೆಯಾಗಿದ್ದರೆ ಮೇಲೆಲ್ಲ ಹೆಪ್ಪುಗಟ್ಟುತ್ತದೆ. ಯಾವ ಅಳತೆಗೋಲೂ ಇಲ್ಲಿ ಈ ಹೆಂಗಸಿನ ಕಣ್ಣಿನಷ್ಟು ನಂಬಿಕೆಯದಲ್ಲ.

“ಕೂತ,” ಎನ್ನುತ್ತಾರೆ ಅಜ್ನಿವ್, ಜೇಡನನ್ನು ನೋಡಿ. ಏಳು ಗಂಟೆಗೆ ಬೀಜ ಇಳಿಯುತ್ತದೆ.

ಅಲ್ಲಿಂದ ಒಂಬತ್ತು ದಿನ ಹರಳು ನಿಮಿಷಕ್ಕೆ ಹದಿನೈದು ಸುತ್ತು ತಿರುಗುತ್ತ ಮೇಲೆ ಬರುತ್ತದೆ. ಗಂಟೆಗೆ ಅರ್ಧ ಮಿಲಿಮೀಟರಿಗಿಂತ ಒಂದಿಷ್ಟು ಹೆಚ್ಚು, ಸರಿಯಾಗಿ ಹೇಳಬೇಕೆಂದರೆ ಸೊನ್ನೆ ಬಿಂದು ಆರು. ತಲೆಕೂದಲು ಆರೇಳು ಜೋಡಿಸಿಟ್ಟಷ್ಟು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಅಜ್ನಿವ್ ಎದುರಿಗೆ ಕೂತಿರುತ್ತಾರೆ. ರಾತ್ರಿ ಪಾಳಿಗೆ ಬೇರೆಯವರು ಬರುತ್ತಾರೆ. ಆದರೆ ಬೀಜ ಇಳಿಸಿದ ಕೈ ಬಿಟ್ಟು ಬೇರೆ ಕೈ ಹಿಡಿ ಮುಟ್ಟುವಂತಿಲ್ಲ, ಅದು ಇಲ್ಲಿನ ಕಟ್ಟುಪಾಡು. ರಾತ್ರಿಯವರಿಗೆ ಇರುವುದು ಫೋನ್ ಮಾಡುವ ಹಕ್ಕು ಮಾತ್ರ.

“ಫೋನ್ ಬಂದ್ರೆ ನಡ್ಕೊಂಡೇ ಬರ್ತೀನಿ,” ಎನ್ನುತ್ತಾರೆ ಅಜ್ನಿವ್, ಇದನ್ನೆಲ್ಲ ಬರೆದುಕೊಳ್ಳುತ್ತಿರುವ ನನಗೆ. “ಸೇತುವೆ ದಾಟಿದ್ರೆ ಇಪ್ಪತ್ತು ನಿಮಿಷ. ಗಂಡ ಇದ್ದಾಗ ಬೈತಿದ್ದ, ಅದಕ್ಕೇನು ಹಾಲು ಕುಡಿಸ್ಬೇಕಾ ಅಂತ. ಹಾಲು ಕುಡಿಯೋ ಮಗು ಅತ್ತು ಕರೆಯುತ್ತೆ. ಇದು ಅಳಲ್ಲ. ಸುಮ್ನೆ ಕೆಡುತ್ತೆ.”

ಹೀಗೆ ಬೆಳೆದ ಹರಳು ಹದಿಮೂರು ಸೆಂಟಿಮೀಟರ್ ಉದ್ದ, ನಸು ನೇರಳೆ ಬಣ್ಣ. ಮೇಲೆ ಶಂಕುವಿನಂಥ ತಲೆ, ಕೆಳಗೆ ಬಾಲ. ಎರಡನ್ನೂ ಕತ್ತರಿಸಿ ಎಸೆದು, ನಡುವಿನ ತೊಂಬತ್ತು ಮಿಲಿಮೀಟರನ್ನು ಕಡ್ಡಿಗಳಾಗಿ ಕೊಯ್ಯುತ್ತಾರೆ. ಆ ಕಡ್ಡಿಗಳ ಒಳಗೆ ದೀಪದ ಬೆಳಕು ಹೊಕ್ಕು, ನೇರವಾದ ಒಂದೇ ಬೆಳಕಾಗಿ ಹೊರಗೆ ಬರುತ್ತದೆ. ಉಕ್ಕು ಕತ್ತರಿಸುವುದೂ ಅದೇ, ಕಣ್ಣಿನ ಹಿಂದಿನ ಪೊರೆ ತೆಗೆಯುವುದೂ ಅದೇ. ಹರಳಿನೊಳಗೆ ಎಲ್ಲಾದರೂ ಮಬ್ಬು ಇದ್ದರೆ ಬೆಳಕು ಅಲ್ಲಿ ಎಡವುತ್ತದೆ. ಕಡ್ಡಿ ಸೀಳಿಹೋಗುತ್ತದೆ.

ಎರಡು ವರ್ಷದ ಕೆಳಗೆ ಅಜ್ನಿವ್ ಅವರ ಕಣ್ಣಿಗೇ, ಆಪರೇಶನ್ ಆದ ಮೇಲೆ, ಹಿಂದೆ ಮತ್ತೆ ಪೊರೆ ಕಟ್ಟಿತ್ತು. ಯೆರೆವಾನಿನ ವೈದ್ಯರು ಐದು ನಿಮಿಷದಲ್ಲಿ ಲೇಸರ್ ಬಿಟ್ಟು ತೆಗೆದರು. ಯಂತ್ರದೊಳಗಿನ ಹರಳು ಎಲ್ಲಿಯದು ಎಂದು ಇವರು ಕೇಳಿದರಂತೆ. “ಅಮ್ಮ, ಗಲ್ಲ ಇಲ್ಲಿಡಿ, ಮಾತಾಡ್ಬೇಡಿ ಅಂದ. ಅವನಿಗೆ ಗೊತ್ತಿರ್ಲಿಲ್ಲ, ಪಾಪ.” ನನಗೆ ಪಾಪ ಅನ್ನಿಸುವುದಿಲ್ಲ. ನಲವತ್ತೊಂದು ವರ್ಷ ದುಡಿದ ಈ ಹೆಂಗಸಿನ ಹೆಸರು ಕಾರ್ಖಾನೆಯ ಯಾವ ಗೋಡೆಯ ಮೇಲೂ ಇಲ್ಲ. ಗೋಡೆಯ ಮೇಲಿರುವುದು ನೋಡಲು ಬಂದುಹೋದ ಅಧಿಕಾರಿಗಳ ಫೋಟೋ. ಅವರಲ್ಲಿ ಒಬ್ಬರೂ ಕಿಂಡಿಗೆ ಕಣ್ಣಿಟ್ಟವರಲ್ಲ, ಬಿಸಿ ಎಂದು ಹಿಂದೆ ಸರಿದವರು.

ಈಗ ಸೋಮವಾರದ ವಿಷಯ. ಅದು ಗೊತ್ತಾಗದೆ ಬುಧವಾರದ ಜಗಳ ಅರ್ಥವಾಗುವುದಿಲ್ಲ.

ದೊಡ್ಡ ಭೂಕಂಪವಾದ ವರ್ಷ, ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ, ಇಲ್ಲಿ ಹನ್ನೊಂದು ಕುಲುಮೆಗಳು ಉರಿಯುತ್ತಿದ್ದವು. ಡಿಸೆಂಬರ್ ಏಳು, ಬುಧವಾರ, ಮಧ್ಯಾಹ್ನಕ್ಕೆ ಮುಂಚೆ ನೆಲ ನಡುಗಿತು. ಎಲ್ಲರೂ ಅಂಗಳಕ್ಕೆ ಓಡಿದರು, ಅಜ್ನಿವ್ ಕೂಡ. “ನಾನು ನಿಂತೆ ಅಂತ ಬರೀಬೇಡ,” ಎಂದು ಖಡಾಖಂಡಿತವಾಗಿ ಹೇಳುತ್ತಾರೆ. “ಎಲ್ರಿಗಿಂತ ಮುಂದೆ ಓಡಿದ್ದು ನಾನೇ. ಒಂದು ಚಪ್ಪಲಿ ಒಳಗೇ ಬಿಟ್ಟಿದ್ದೆ.” ತಿರುಗಿ ಬಂದು ನೋಡಿದಾಗ ಹತ್ತು ಕುಲುಮೆಗಳ ಹರಳು ಬಿರಿದಿದ್ದವು. ಇವರ ಕುಲುಮೆಯದು ಮಾತ್ರ ಏನೂ ಆಗದೆ ತಿರುಗುತ್ತಿತ್ತು. ಯಾಕೆಂದು ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ. ಆ ಹರಳಿಗೆ ಬೀಜ ಇಳಿಸಿದ್ದು ಸೋಮವಾರ ಬೆಳಿಗ್ಗೆ ಏಳಕ್ಕೆ.

ಅದನ್ನೇ ಕೊಯ್ದು ಬೀಜ ಮಾಡಿದರು. ಆ ಬೀಜದಿಂದ ಬೆಳೆದದ್ದನ್ನು ಕೊಯ್ದು ಮತ್ತೆ ಬೀಜ. ಕರೆಂಟು ದಿನಕ್ಕೆ ಒಂದು ಗಂಟೆ ಬರುತ್ತಿದ್ದ ಕತ್ತಲೆ ವರ್ಷಗಳಲ್ಲಿ ಕುಲುಮೆಗಳೆಲ್ಲ ಆರಿ ತಣ್ಣಗಾದವು, ಜನ ಪುಸ್ತಕದ ಕಪಾಟು ಒಡೆದು ಚಳಿ ಕಾಯಿಸಿಕೊಂಡರು. ಅಜ್ನಿವ್ ಬಸ್ ನಿಲ್ದಾಣದಲ್ಲಿ ಹುರಿದ ಸೂರ್ಯಕಾಂತಿ ಬೀಜ ಮಾರಿದರು. ಹರಳಿನ ಬೀಜಗಳನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಹಿಟ್ಟಿನ ಡಬ್ಬದ ತಳದಲ್ಲಿಟ್ಟು ಕಾಪಾಡಿದರು. ಕರೆಂಟು ತಿರುಗಿ ಬಂದಾಗ ಕಾಲುಚೀಲದ ಜೊತೆ ಕಟ್ಟುಪಾಡೂ ಬಂತು. ಬೀಜ ಇಳಿಸುವುದು ಸೋಮವಾರ, ಬೆಳಿಗ್ಗೆ ಏಳಕ್ಕೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಬೇಕೆಂದು ಮುರಿದದ್ದೂ ಇಲ್ಲ.

ಹನ್ನೊಂದು ಕುಲುಮೆಗಳಲ್ಲಿ ಈಗ ಉಳಿದಿರುವುದು ಒಂದು. ಈ ವರ್ಷ ಮಾರ್ಚಿನವರೆಗೆ ಅದು ಸರಿಯಾಗೇ ಇತ್ತು. ಮಾರ್ಚ್ ಕೊನೆಯಲ್ಲಿ ತೆಗೆದ ಹರಳಿನಲ್ಲಿ ಬೀಜದಿಂದ ನಲವತ್ತೇಳು ಮಿಲಿಮೀಟರ್ ಕೆಳಗೆ ಒಂದು ಮಬ್ಬು ಉಂಗುರ ಕಂಡಿತು. ಕನ್ನಡಿಯ ಮೇಲೆ ಉಸಿರು ಬಿಟ್ಟಷ್ಟು. ಎರಡನೆಯದರಲ್ಲೂ ಅದೇ, ಅಲ್ಲೇ. ಮೂರನೆಯದರಲ್ಲೂ. ಎಲ್ಲಿ ಕೊಯ್ದರೂ ತೊಂಬತ್ತು ಮಿಲಿಮೀಟರಿನ ಕಡ್ಡಿಯೊಳಗೆ ಮಬ್ಬು ಸಿಕ್ಕಿಬೀಳುತ್ತಿತ್ತು.

ಎಲ್ಲರ ಹತ್ತಿರವೂ ಒಂದೊಂದು ಕಾರಣ. ಪುಡಿ ಕೆಟ್ಟದ್ದು ಎಂದು ಅರ್ಷಾಕ್ ಪುಡಿ ತರಿಸುವ ಕಡೆಯನ್ನೇ ಬದಲಿಸಿದರು. ನಾಲ್ಕನೆಯದೂ ಹೋಯಿತು. ಕುಲುಮೆಯ ಇಟ್ಟಿಗೆ ಬದಲಿಸಿದರು. ಐದನೆಯದೂ ಹೋಯಿತು. ಬೀಜವೇ ಮುದಿಯಾಗಿದೆ, ಭೂಕಂಪ ಈಗ ಹೊರಗೆ ಬರುತ್ತಿದೆ ಎಂದು ರಾತ್ರಿ ಪಾಳಿಯವರು ಗುಸುಗುಸು ಮಾತಾಡಿದರು. ಅಜ್ನಿವ್ ಅವರ ನಾದಿನಿ ಚರ್ಚಿನಿಂದ ಉಪ್ಪು ಮಂತ್ರಿಸಿ ತಂದುಕೊಟ್ಟರು. ಅದನ್ನು ಇವರು ಸಾರಿಗೆ ಹಾಕಿಕೊಂಡು ಉಂಡರು. ರಜ್ಮಿಕ್ ಮಾತ್ರ ತಮ್ಮ ದಪ್ಪ ರಿಜಿಸ್ಟರಿನಲ್ಲಿ ‘ಕಾರಣ’ ಎಂಬ ಕಲಮಿನ ಕೆಳಗೆ ಪ್ರತಿ ಸಲವೂ ಒಂದೇ ಮಾತು ಬರೆದರು: ಬೆಳೆಸಿದವರ ಕೈ.

“ಇನ್ನೇನು ಬರೀಲಿ?” ಎಂದು ನನ್ನನ್ನೇ ಕೇಳುತ್ತಾರೆ. “ಪುಡಿ ಅಲ್ಲ, ಇಟ್ಟಿಗೆ ಅಲ್ಲ, ಕರೆಂಟ್ ಅಲ್ಲ. ಉಳಿದಿದ್ದು ಅವಳೊಬ್ಳೇ. ಮೂವತ್ತು ವರ್ಷದ ಸ್ನೇಹಿತೆ ಅಂತ ಸುಳ್ಳು ಬರೀಲಾ?”

ಮಬ್ಬು ಒಂದೊಂದು ಹರಳಿಗೂ ದಪ್ಪವಾಗುತ್ತ ಹೋಯಿತು. ವಯಸ್ಸಾಗುತ್ತಿದೆ, ಕಣ್ಣು ಕೆಡುತ್ತಿದೆ ಎಂದರು ಜನ. ಅಜ್ನಿವ್ ಕೂಡ ಹಾಗೇ ಅಂದುಕೊಂಡರು. ಕೆಟ್ಟ ಹರಳುಗಳಿಂದ ಕೊಯ್ದ ಎಂಟು ತುಂಡುಗಳನ್ನು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿಟ್ಟುಕೊಂಡು ಬೆಳಿಗ್ಗೆ ಎದ್ದು ನೋಡುತ್ತಿದ್ದರು. “ನಲವತ್ತು ವರ್ಷ ಮಾಡಿದ ಕೆಲಸ ಕಣಪ್ಪ. ಏನ್ ತಪ್ಪು ಮಾಡ್ತಿದೀನಿ ಅಂತಲೇ ಗೊತ್ತಾಗ್ತಿಲ್ಲ ಅಂದ್ರೆ ಹೇಗಿರುತ್ತೆ ಹೇಳು. ಕೈ ನೋಡ್ಕೊಂಡ್ರೆ ಬೇರೆ ಯಾರದೋ ಕೈ ಅನ್ಸೋದು.”

ಸಾಲಿನಲ್ಲಿ ಒಂದು ತುಂಡು ಸೊಟ್ಟಗಿತ್ತು. ಐದನೆಯದು. ಅದರ ಮಬ್ಬು ನಲವತ್ತೇಳರಲ್ಲಿರಲಿಲ್ಲ, ನಲವತ್ತೊಂದರಲ್ಲಿತ್ತು. ಅಳತೆ ತಪ್ಪಿದ್ದೀರಿ ಎಂದು ಆಗ ಎಲ್ಲರೂ ನಕ್ಕಿದ್ದರು. ಇವರು ಅಡುಗೆಮನೆಯಲ್ಲಿ ಮತ್ತೆ ಅಳೆದರು. ನಲವತ್ತೊಂದೇ.

ಆ ಹರಳಿಗೆ ಬೀಜ ಇಳಿಸಬೇಕಿದ್ದ ದಿನ ಬೆಳಿಗ್ಗೆ ಕರೆಂಟು ಹೋಗಿತ್ತು. ಬೀಜ ಇಳಿಸಿದ್ದು ಸಂಜೆ ಐದಕ್ಕೆ, ಹತ್ತು ಗಂಟೆ ತಡವಾಗಿ. ಹತ್ತು ಗಂಟೆಯಲ್ಲಿ ಹರಳು ಬೆಳೆಯುವುದು ಆರು ಮಿಲಿಮೀಟರ್.

“ಟೀ ಆರಿಹೋಯ್ತು ನೋಡು, ಹಾಗೇ ಕೂತಿದ್ದೆ,” ಎನ್ನುತ್ತಾರೆ ಅಜ್ನಿವ್. “ತಡ ಮಾಡಿದ್ದು ನಾನು. ಅದು ತಡ ಮಾಡಿಲ್ಲ. ಅದು ತನ್ನ ಹೊತ್ತಿಗೆ ಸರಿಯಾಗಿ ಬಂದಿದೆ.”

ಅಂದರೆ ಮಬ್ಬಿಗೆ ಒಂದು ಜಾಗವಿಲ್ಲ, ಒಂದು ಸಮಯವಿದೆ. ಸೋಮವಾರ ಏಳಕ್ಕೆ ಇಳಿದ ಹರಳು ನಲವತ್ತೇಳು ಮಿಲಿಮೀಟರ್ ಮುಟ್ಟುವುದು ಗುರುವಾರ ಮಧ್ಯಾಹ್ನ ಎರಡರ ಸುಮಾರಿಗೆ. ಉಳಿದ ಏಳು ಸಲವೂ ಸೋಮವಾರ ಏಳಕ್ಕೇ ಇಳಿಸುತ್ತಿದ್ದದ್ದರಿಂದ ಗುರುವಾರ ಎರಡು ಗಂಟೆ ಪ್ರತಿ ಸಲವೂ ನಲವತ್ತೇಳರ ಮೇಲೇ ಬಂದು ಕೂತಿದೆ. ಕಟ್ಟುಪಾಡೇ ಕಣ್ಣಿಗೆ ಬಟ್ಟೆ ಕಟ್ಟಿತು. ವಿದ್ಯಾವಂತರು ತುಂಬಿರುವ ಕಾರ್ಖಾನೆಯಲ್ಲಿ ಏಳು ತಿಂಗಳು ಒಬ್ಬರಾದರೂ ಗಡಿಯಾರ ನೋಡಲಿಲ್ಲ, ಎಲ್ಲರೂ ಅಳತೆಪಟ್ಟಿ ನೋಡಿದರು.

ಒಂದು ಸೊಟ್ಟ ತುಂಡಿನ ಮಾತು ಯಾರು ನಂಬುತ್ತಾರೆ? ಅಜ್ನಿವ್ ಅವರಿಗೇ ಪೂರ್ತಿ ನಂಬಿಕೆ ಇರಲಿಲ್ಲ. ಬುಧವಾರ ಏಳಕ್ಕೆ ಇಳಿಸಿದರೆ ಏನಾಗಬೇಕು ಎಂದು ಬೆರಳು ಮಡಿಸಿ ಲೆಕ್ಕ ಹಾಕಿದರು. ಮಾರನೆಯ ದಿನ ಗುರುವಾರ ಎರಡಕ್ಕೆ ಹರಳು ಹತ್ತೊಂಬತ್ತು ಮಿಲಿಮೀಟರ್, ಇನ್ನೂ ತಲೆಯ ಭಾಗ. ಮುಂದಿನ ಗುರುವಾರ ಎರಡಕ್ಕೆ ನೂರ ಹತ್ತೊಂಬತ್ತು, ಬಾಲದ ಭಾಗ. ಎರಡೂ ಕತ್ತರಿಸಿ ಎಸೆಯುವ ಜಾಗ. ಮಬ್ಬು ಬರುವುದನ್ನು ತಡೆಯಲು ಗೊತ್ತಿಲ್ಲ, ಕಸಕ್ಕೆ ತಳ್ಳಲು ಗೊತ್ತಿದೆ. ಈ ಲೆಕ್ಕವನ್ನು ಅರ್ಷಾಕ್ ಮುಂದೆ ಬಿಡಿಸಿ ಯಾಕೆ ಹೇಳಲಿಲ್ಲ? “ಹೇಳಿ ತಪ್ಪಾಗಿದ್ರೆ? ಕೈ ಹೋಯ್ತು, ಕಣ್ಣು ಹೋಯ್ತು ಅಂತಿದ್ರು. ತಲೇನೂ ಹೋಯ್ತು ಅನ್ನಿಸ್ಕೊಳ್ಲಾ?”

ಒಂಬತ್ತು ದಿನದ ಬೆಳವಣಿಗೆ, ಮೂರು ದಿನ ತಣಿಸುವುದು. ಎರಡು ಗುರುವಾರವೂ ಎರಡು ಗಂಟೆಗೆ ಅಜ್ನಿವ್ ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಜೇಡ ಇದ್ದಲ್ಲೇ ಇತ್ತು. ಕರೆಂಟಿನ ಮೀಟರ್ ನೆಟ್ಟಗಿತ್ತು. ಏನೂ ಕಾಣಲಿಲ್ಲ.

ರಜ್ಮಿಕ್ ಹರಳು ಪರೀಕ್ಷಿಸುವುದು ಶುಕ್ರವಾರ. ಎರಡು ತುದಿಗಳನ್ನು ತೇದು ನುಣುಪು ಮಾಡಿ, ಕತ್ತಲೆ ಕೋಣೆಯಲ್ಲಿ ಕೆಂಪು ಬೆಳಕು ಹಾಯಿಸಿ, ಭೂತಗನ್ನಡಿ ಹಿಡಿದು ಬಗ್ಗುತ್ತಾರೆ. ಆ ಶುಕ್ರವಾರ ಅಜ್ನಿವ್ ಗೋಡೆಗೆ ಒರಗಿ ನಿಂತಿದ್ದಾರೆ. ಅರ್ಷಾಕ್ ಉಗುರು ಕಚ್ಚುತ್ತಿದ್ದಾರೆ.

“ಹತ್ತೊಂಬತ್ತರಲ್ಲಿ ಇದೆ,” ಎನ್ನುತ್ತಾರೆ ರಜ್ಮಿಕ್.

ಅರ್ಷಾಕ್ ಕಣ್ಣು ಮುಚ್ಚುತ್ತಾರೆ.

ರಜ್ಮಿಕ್ ಹರಳನ್ನು ನಿಧಾನವಾಗಿ ಜಾರಿಸುತ್ತಾರೆ. “ಇಲ್ಲ... ಇಲ್ಲ... ಇಲ್ಲೂ ಇಲ್ಲ. ನೂರ ಹತ್ತೊಂಬತ್ತರಲ್ಲಿ ಇದೆ.” ತಲೆ ಎತ್ತುತ್ತಾರೆ. “ನಡುವೆ ನೀರಿನ ಹಾಗಿದೆ. ಅಜ್ನಿವ್, ಏನೇ ಇದು ಮಾಟ?”

ಪಾಸು ಎಂದು ಬರೆದರು. ಅರ್ಷಾಕ್ ಓಡಿಹೋಗಿ ದ್ರಾಕ್ಷಿ ಪಾಕದಲ್ಲಿ ಅದ್ದಿದ ಅಕ್ರೋಟಿನ ಸರ ತಂದು ಎಲ್ಲರಿಗೂ ಮುರಿದು ಕೊಟ್ಟರು. ಕುಲುಮೆ ಆರುವುದಿಲ್ಲ. ಇನ್ನು ಮೇಲೆ ಬುಧವಾರವೇ ಇಳಿಸೋಣ, ಮುಗಿಯಿತಲ್ಲ, ಮತ್ತೇನು ಹುಡುಕುವುದು ಎಂದು ಅರ್ಷಾಕ್. ಅಜ್ನಿವ್ ಅವರಿಗೂ ಸಾಕಾಗಿತ್ತು. ಬಿಡದವರು ರಜ್ಮಿಕ್.

“ಮುಗೀತು ಅಂದ್ರೆ? ಗುರುವಾರ ಎರಡಕ್ಕೆ ಏನೋ ಬಂದು ಹರಳಿಗೆ ಉಗುಳಿ ಹೋಗ್ತಿದೆ. ಕಸಕ್ಕೆ ತಳ್ಳಿ ಸುಮ್ನಿರೋದಾ? ನನ್ನ ರಿಜಿಸ್ಟರಲ್ಲಿ ಎಂಟು ಸಲ ನಿನ್ನ ಕೈ ಅಂತ ಬರ್ದಿದೀನಿ ಕಣೇ. ಸುಳ್ಳಾಗಿದ್ರೆ ನಾನೇ ಹೊಡ್ದುಹಾಕ್ಬೇಕು. ಕೂತ್ಕೋ, ಹುಡುಕು. ಕಾರಣ ತಂದ್ಕೊಡು ನಂಗೆ.”

ಆದ್ದರಿಂದ ಮುಂದಿನ ಗುರುವಾರ ಅಜ್ನಿವ್ ಮತ್ತೆ ಕೂತರು. ಹೊಸ ಪುಡಿ ಮೂಸೆಯಲ್ಲಿ ಕರಗುತ್ತಿದೆ. ಕಿಂಡಿಯಲ್ಲಿ ನೋಡಬೇಕಾದ್ದೆಲ್ಲ ನೋಡಿ ಆಗಿದೆ ಎಂದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದ್ದಾರೆ. ಗೋಡೆಯಲ್ಲಿ ಕುಲುಮೆಯನ್ನು ತಂಪಾಗಿಡುವ ನೀರಿನ ಕೊಳವೆ, ಅದರ ಮೇಲೆ ನೀರಿನ ಒತ್ತಡ ತೋರಿಸುವ ಮುಳ್ಳು. ಒತ್ತಡ ಅಪಾಯಕ್ಕಿಳಿದರೆ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆಯದೆ ಅತ್ತ ಯಾರೂ ನೋಡುವುದಿಲ್ಲ.

ಎರಡಕ್ಕೆ ಐದು ನಿಮಿಷ ಇರುವಾಗ ಮುಳ್ಳು ನೆಟ್ಟಗಿತ್ತು. ಎರಡಾಗಿ ಮೂರು ನಿಮಿಷಕ್ಕೆ ಎರಡು ಗೆರೆ ಬಾಗಿತು. ಎರಡೇ ಗೆರೆ. ಗಂಟೆ ಹೊಡೆಯಲಿಲ್ಲ. ಆದರೆ ನೀರು ಅಷ್ಟು ಇಳಿದರೂ ಪಾಕದ ಬಿಸಿ ಕೂದಲೆಳೆಯಷ್ಟು ಏರುಪೇರಾಗುತ್ತದೆ, ಹರಳಿಗೆ ಮಬ್ಬು ಕಟ್ಟಲು ಅಷ್ಟು ಸಾಕು.

“ಇಷ್ಟೇನಾ?” ಎಂದರು ಅಜ್ನಿವ್, ಯಾರಿಗೂ ಅಲ್ಲದೆ.

ಎದ್ದು ಕೊಳವೆಯ ಮೇಲೆ ಅಂಗೈ ಇಟ್ಟರು. ಕೈ ಎತ್ತದೆ ಅದರ ಗುಂಟ ನಡೆದರು. ಅರ್ಷಾಕ್ ಹಿಂದೆ, ನಾನು ಅವರ ಹಿಂದೆ. ಕೊಳವೆ ಬಾಗಿಲು ದಾಟಿತು, ಮೊಗಸಾಲೆ ಹಿಡಿಯಿತು, ಒಂದು ಕಡೆ ಹಳೆಯ ಬಣ್ಣ ಮುಗಿದು ಹೊಳೆಯುವ ಹೊಸ ತುಂಡು ಶುರುವಾಯಿತು. ಅಲ್ಲಿ ಅರ್ಷಾಕ್ ಹೆಜ್ಜೆ ನಿಂತಿತು. ಅಜ್ನಿವ್ ನಿಲ್ಲಲಿಲ್ಲ. ಹೊಸ ತುಂಡು ಗೋಡೆ ತೂರಿ ತೊಳೆಯುವ ಕೋಣೆಗೆ ಹೋಗಿತ್ತು. ಒಳಗೆ ನೀರು ಸುರಿಯುವ ಸದ್ದು, ಒಬ್ಬರು ಗುನುಗುವ ಸದ್ದು.

ರಜ್ಮಿಕ್ ತೋಳು ಮಡಿಚಿ, ದೊಡ್ಡ ನಲ್ಲಿ ಪೂರ್ತಿ ಬಿಟ್ಟುಕೊಂಡು, ಹರಳು ತೇಯುವ ಕಂಬಳಿ ಬಟ್ಟೆಗಳನ್ನು ತೊಳೆಯುತ್ತಿದ್ದರು. ಶುಕ್ರವಾರ ಪರೀಕ್ಷೆಯ ದಿನ, ಆದ್ದರಿಂದ ಹರಳಿರಲಿ ಬಿಡಲಿ, ಪ್ರತಿ ಗುರುವಾರ ಊಟವಾದ ಮೇಲೆ ತೊಳೆದು ಒಣಗಲು ಹಾಕಬೇಕು. ಬಟ್ಟೆಯಲ್ಲಿ ಧೂಳಿನ ಒಂದು ಕಣ ಉಳಿದರೂ ಹರಳಿನ ಮೇಲೆ ಗೀರು. ಈ ಕೆಲಸವನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ಇನ್ನೊಬ್ಬರಿಗೆ ಬಿಟ್ಟವರಲ್ಲ.

“ಬಾ ಬಾ,” ಎಂದರು ನಗುತ್ತ. “ಕಣ್ಣು ತೊಳ್ಕೊಳ್ಳೋಕೆ ಬಂದ್ಯಾ?”

ಅಜ್ನಿವ್ ಅವರ ಕೈ ಇನ್ನೂ ಕೊಳವೆಯ ಮೇಲಿತ್ತು. ರಜ್ಮಿಕ್ ಆ ಕೈ ನೋಡಿದರು, ಕೊಳವೆ ನೋಡಿದರು, ನಲ್ಲಿ ನೋಡಿದರು. ನಗು ಮುಖದ ಮೇಲೇ ಉಳಿದಿತ್ತು, ತೆಗೆಯುವುದು ಮರೆತವರ ಹಾಗೆ.

“ನಾನೇ ಹಾಕ್ಸಿದ್ದು,” ಎಂದರು ಹಿಂದಿನಿಂದ ಅರ್ಷಾಕ್. “ಮಾರ್ಚಲ್ಲಿ. ಈ ಕೋಣೆಯ ತೊಟ್ಟಿ ಸೋರ್ತಿತ್ತು, ತೆಗೆಸ್ಬಿಟ್ಟೆ. ಕುಲುಮೆ ನೀರಿಗೇ ಸೇರ್ಸಿ ಅಂತ ಹೇಳ್ದೋನು ನಾನು. ತಪ್ಪು ನಂದು ರಜ್ಮಿಕ್ ಮಾವ, ನಿಮ್ದಲ್ಲ.”

ರಜ್ಮಿಕ್ ನಲ್ಲಿ ನಿಲ್ಲಿಸಿದರು. ಒದ್ದೆ ಕೈಯಲ್ಲೇ ಕುಲುಮೆಯ ಕೋಣೆಗೆ ಹೋದರು. ಮುಳ್ಳು ನೆಟ್ಟಗಾಗಿತ್ತು. ತಿರುಗಿ ಬಂದು ನಲ್ಲಿ ಬಿಟ್ಟರು. ಹೋಗಿ ನೋಡಿದರು. ಬಾಗಿತ್ತು. ಮತ್ತೆ ನಿಲ್ಲಿಸಿದರು, ಮತ್ತೆ ನೋಡಿದರು. ಹೀಗೆ ಮೂರು ಸಲ. ಯಾವ ಹರಳನ್ನೂ ಮೂರು ಸಲ ನೋಡದೆ ಅವರು ಫೇಲು ಮಾಡಿದವರಲ್ಲ.

“ಮೊದಲು ಹತ್ತು ನಿಮಿಷ ತೊಳೀತಿದ್ದೆ,” ಎಂದರು. “ಮಬ್ಬು ಬಂತಲ್ಲ, ನನ್ನ ಬಟ್ಟೆಯಿಂದ ಗೀರು ಬೀಳ್ತಿದ್ಯೇನೋ ಅಂತ ಹದಿನೈದು ಮಾಡ್ದೆ. ಆಮೇಲೆ ಅರ್ಧ ಗಂಟೆ. ಈಗ ಮುಕ್ಕಾಲು ಗಂಟೆ.”

ಮಬ್ಬು ದಪ್ಪವಾಗುತ್ತ ಹೋದದ್ದು ಅದಕ್ಕೇ.

“ಹೋಗ್ಲಿ ಬಿಡೋ ಮುದುಕ,” ಎಂದರು ಅಜ್ನಿವ್. “ಸೋಮವಾರ ಅಂತ ಕಟ್ಟು ಹಾಕಿದ್ದು ನಾನು. ನಾನೂ ಸೇರಿದೀನಿ ಇದರಲ್ಲಿ. ಬಾ, ಕಾಫಿ ಕುಡಿ.”

ರಜ್ಮಿಕ್ ತೊಳೆದ ಬಟ್ಟೆಗಳನ್ನು ಹಿಂಡಿ, ಒಂದೊಂದಾಗಿ ಹಗ್ಗಕ್ಕೆ ಹಾಕಿದರು. ಕತ್ತಲೆ ಕೋಣೆಗೆ ಹೋಗಿ ರಿಜಿಸ್ಟರ್ ತೆಗೆದರು. ‘ಬೆಳೆಸಿದವರ ಕೈ’ ಎಂದಿದ್ದ ಎಂಟು ಕಡೆಯೂ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಪಕ್ಕದಲ್ಲಿ ‘ಪರೀಕ್ಷಿಸಿದವರ ಕೈ’ ಎಂದು ಬರೆದು, ಎಂಟು ಸಲ ಸಹಿ ಹಾಕಿದರು. ಬಿಳಿ ಕೋಟು ಬಿಚ್ಚಿ ಮಡಿಸಿದರು. ಭೂತಗನ್ನಡಿಯನ್ನು ಅದರ ಮೇಲಿಟ್ಟರು.

ಅಜ್ನಿವ್ ಬಾಗಿಲಿಗೆ ಅಡ್ಡ ನಿಂತರು, ಅವತ್ತು ಕುಲುಮೆಗೆ ನಿಂತ ಹಾಗೇ, ಕೈ ಅಗಲಿಸಿ. “ಎಲ್ಲಿಗೆ? ನಾಳೆ ಶುಕ್ರವಾರ. ನಿನ್ನ ಕೆಲಸ ಯಾರು ಮಾಡ್ತಾರೆ?”

“ನೀನೇ ನೋಡ್ಕೋ ಅಜ್ನಿವ್ ಜಾನ್,” ಎಂದರು ರಜ್ಮಿಕ್ ಅಕ್ಕರೆಯಿಂದ. “ನಿನ್ನ ಕಣ್ಣು ಚೆನ್ನಾಗಿದೆ.”

ಅವರ ತೋಳಿನ ಕೆಳಗೆ ಬಗ್ಗಿ ದಾಟಿ, ಅಂಗಳ ದಾಟಿ, ಗೇಟು ತೆರೆದು ಸೇತುವೆಯ ಕಡೆ ಹೋದರು. ಟೊಪ್ಪಿ ಮರೆತಿದ್ದರು. ಅರ್ಷಾಕ್ ಅದನ್ನು ಹಿಡಿದುಕೊಂಡು ಗೇಟಿನವರೆಗೆ ಓಡಿ, ಅಲ್ಲೇ ನಿಂತರು.

ಅದಾಗಿ ಐದು ವಾರ. ರಜ್ಮಿಕ್ ಬಂದಿಲ್ಲ. ಅರ್ಷಾಕ್ ಮೂರು ಸಲ ಮನೆಗೆ ಹೋಗಿ ಬಂದರು. ಬಾಗಿಲು ತೆಗೆದು ಕೂರಿಸಿ, ಹಣ್ಣು ಕೊಟ್ಟು, ಚೆನ್ನಾಗಿ ಮಾತಾಡಿ, ಇಲ್ಲ ಎಂದರಂತೆ. ಯಾರೂ ಅವರನ್ನು ಒಂದು ಮಾತು ಅಂದಿರಲಿಲ್ಲ. ಕೊಳವೆ ಸೇರಿಸಿದವರು ಒಬ್ಬರು, ನಲ್ಲಿ ಬಿಟ್ಟವರು ಒಬ್ಬರು, ಸೋಮವಾರದ ಕಟ್ಟು ಹಾಕಿದವರು ಒಬ್ಬರು. ಮೂವರೂ ಕೆಲಸ ನೆಟ್ಟಗಾಗಲಿ ಎಂದೇ ಮಾಡಿದ್ದು. ಇದರಲ್ಲಿ ತಪ್ಪು ಯಾರದೆಂದು ಐದು ವಾರದಿಂದ ಯೋಚಿಸುತ್ತಿದ್ದೇನೆ. ನನಗೆ ತಲೆಬುಡ ತಿಳಿಯುತ್ತಿಲ್ಲ, ಸಿಟ್ಟು ಮಾತ್ರ ಬರುತ್ತದೆ, ಯಾರ ಮೇಲೆ ಅಂತಲೂ ಗೊತ್ತಿಲ್ಲ.

ಕೊಳವೆ ಬೇರೆ ಮಾಡಿಸಿದ್ದಾರೆ. ಹತ್ತನೇ ಹರಳಿಗೆ ಸೋಮವಾರ ಏಳಕ್ಕೇ ಬೀಜ ಇಳಿದಿತ್ತು, ಅದೀಗ ಬೆಳೆದು ತಣಿದಿದೆ. ಬರಿಗಣ್ಣಿಗೆ ತಲೆಯಿಂದ ಬಾಲದವರೆಗೆ ಏನೂ ಕಾಣುವುದಿಲ್ಲ. ಆದರೆ ತುದಿ ತೇಯದೆ, ಬೆಳಕು ಹಾಯಿಸದೆ ಖಚಿತವಾಗಿ ಹೇಳುವಂತಿಲ್ಲ. ಬೇರೆಯವರನ್ನು ಕರೆಸುತ್ತೇನೆಂದು ಅರ್ಷಾಕ್ ಎರಡು ಸಲ ಹೇಳಿದರು. ಎರಡು ಸಲವೂ ಬೈಸಿಕೊಂಡರು. ಹರಳು ಅಜ್ನಿವ್ ಅವರ ಮೇಜಿನ ಮೇಲೆ ಉಣ್ಣೆಯ ಕಾಲುಚೀಲದಲ್ಲಿದೆ.

“ಚೆನ್ನಾಗಿದೆ ಅಂತ ನಂಗೆ ಗೊತ್ತು,” ಎನ್ನುತ್ತಾರೆ. “ನಂಗೆ ಗೊತ್ತಿದ್ರೆ ಸಾಕಾ? ಅವನು ಮೂರು ಸಲ ನೋಡಿ, ನಾಲ್ಕು ಮಾತು ಆಡಿ, ಆಮೇಲೆ ಪಾಸು ಅಂತ ಬರೀಬೇಕು. ಅಷ್ಟು ಮಾಡ್ಲಿ ಅಂತ ಆಸೆ. ಬೇರೇನಿಲ್ಲ.”

ಕಂಬಳಿ ಬಟ್ಟೆಗಳು ಹಗ್ಗದ ಮೇಲೆ ಒಣಗಿ ಗಟ್ಟಿಯಾಗಿವೆ, ಯಾರೂ ತೆಗೆದಿಲ್ಲ. ಗುರುವಾರ ಊಟವಾದ ಮೇಲೆ ಅಜ್ನಿವ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂರುತ್ತಾರೆ. ಎರಡಾಗುತ್ತದೆ, ಎರಡೂ ಕಾಲಾಗುತ್ತದೆ. ಮುಳ್ಳು ಅಲ್ಲಾಡುವುದಿಲ್ಲ.